ಸಹಾಯಾರ್ಥ ಕಾರ್ಯಕ್ರಮ: ಯಂತ್ರಕ್ಕೂ ತಿಳಿಯುವಂತೆ ಹೇಳುವುದು ಹೇಗೆ?



ನಿಮ್ಮ ಕಾಲೇಜಿನಲ್ಲಿ ಅನಾಥಾಲಯವೊಂದರ ಸಹಾಯಾರ್ಥ ಸಂಗೀತ ಸಂಜೆ ಏರ್ಪಾಡಾಗಿದೆ ಎಂದುಕೊಳ್ಳೋಣ. ಜಾಲತಾಣದಲ್ಲಿ ‘5/6, ಸಂಜೆ 6, ಪ್ರವೇಶ 200’ ಎಂದು ಬರೆದಿದ್ದೀರಿ. ನಮಗೆ ಇದು ಜೂನ್ 5. ಅಮೆರಿಕದವರಿಗೆ ಮೇ 6. 200 ಎಂಬುದು ಟಿಕೆಟ್ ದರವೋ, ಆಸನಗಳ ಸಂಖ್ಯೆಯೋ? ಮನುಷ್ಯ ಊಹಿಸಿಕೊಂಡಾನು. ಗೂಗಲ್‌ನಂಥ ಶೋಧಕ ಯಂತ್ರ ಏನು ಮಾಡಬೇಕು?

ಪರೀಕ್ಷೆಯ ಅರ್ಜಿಯನ್ನು ನೆನಪಿಸಿಕೊಳ್ಳಿ. ಹೆಸರಿಗೊಂದು ಮನೆ, ಜನ್ಮದಿನಾಂಕಕ್ಕೊಂದು ಮನೆ. ಪುಟದ ವಿವರಗಳನ್ನು ಹೀಗೆಯೇ ಮನೆಮನೆಯಾಗಿ ವಿಂಗಡಿಸಿ ಯಂತ್ರಕ್ಕೆ ಕೊಡುವುದಕ್ಕೆ ‘ಸ್ಟ್ರಕ್ಚರ್ಡ್ ಡೇಟಾ’ ಎಂದು ಹೆಸರು. ಈ ಮನೆಗಳಿಗೆ ಎಲ್ಲರಿಗೂ ಒಪ್ಪಿಗೆಯಾಗುವ ಹೆಸರುಗಳಿರಲೆಂದು 2011ರಲ್ಲಿ ಗೂಗಲ್, ಬಿಂಗ್ ಮತ್ತು ಯಾಹೂ ಕೂಡಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಪದಕೋಶವನ್ನು ಆರಂಭಿಸಿದವು.

ಬರೆಯುವ ವಿಧಾನಗಳು ಮುಖ್ಯವಾಗಿ ಮೂರು: ಮೈಕ್ರೋಡೇಟಾ, ಆರ್‌ಡಿಎಫ್‌ಎ ಮತ್ತು ಜೇಸನ್-ಎಲ್‌ಡಿ. ಮೊದಲೆರಡನ್ನು ಪುಟದ ಸಾಲುಗಳ ನಡುವೆಯೇ ಹೆಣೆಯಬೇಕು. ಮೂರನೆಯದು ಒಂದೇ ಕಡೆ ಪ್ರತ್ಯೇಕವಾಗಿ ನಿಲ್ಲುತ್ತದೆ, ತಿದ್ದುವುದು ಸುಲಭ. ಗೂಗಲ್ ಶಿಫಾರಸು ಮಾಡುವುದೂ ಇದನ್ನೇ.

ಇನ್ನು ಬಗೆಯ ಆಯ್ಕೆ. ಉದ್ದೇಶ ದಾನವಾದರೂ ಅಲ್ಲಿ ನಡೆಯುವುದೇನು ಎಂಬುದನ್ನು ನೋಡಬೇಕು. ಕಚೇರಿಯಾದರೆ ‘ಮ್ಯೂಸಿಕ್ ಈವೆಂಟ್’, ಓಟವಾದರೆ ‘ಸ್ಪೋರ್ಟ್ಸ್ ಈವೆಂಟ್’. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದು, ಗಂಟೆಯ ಜೊತೆಗೆ ಭಾರತೀಯ ಕಾಲಮಾನದ +05:30 ಸೇರಿಸಬೇಕು. ಟಿಕೆಟ್ ದರ ‘ಆಫರ್ಸ್’ ಮನೆಗೆ ಸೇರಿದ್ದು. ಜನ ಇಷ್ಟಪಟ್ಟು ಕೊಡುವ ದೇಣಿಗೆಗೆ ‘ಡೊನೇಟ್ ಆ್ಯಕ್ಷನ್’ ಎಂಬ ಬೇರೆ ಬಗೆಯೇ ಇದೆ. ಹಣ ಪಡೆಯುವವರ ಹೆಸರು ಅದರಲ್ಲಿರಬೇಕು. ಕಾರ್ಯಕ್ರಮ ನಡೆಸುವವರು ನೀವಾದರೆ ‘ಆರ್ಗನೈಸರ್’ ಎಂಬಲ್ಲಿ ಅನಾಥಾಲಯದ ಹೆಸರು ಹಾಕಬಾರದು. ದಾನಿಗೆ ತನ್ನ ಹಣ ಯಾರ ಕೈಗೆ ಹೋಗುತ್ತದೆಂದು ತಿಳಿಯುವ ಹಕ್ಕಿದೆ.

ಕಾರ್ಯಕ್ರಮ ಮುಂದೆ ಹೋದರೆ? 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನ್ ಧರ್ಮಕಾರ್ಯಗಳಿಗೆ ಅಪಾರ ಹಣ ಕೂಡಿಸುವ ಓಟ. ಕೋವಿಡ್‌ನಿಂದಾಗಿ 2020ರ ಏಪ್ರಿಲ್ 26ರ ಓಟ ಅಕ್ಟೋಬರ್ 4ಕ್ಕೆ ಹೋಯಿತು. ಕೊನೆಗೆ ಶ್ರೇಷ್ಠ ಓಟಗಾರರಷ್ಟೇ ಲಂಡನ್ನಿನಲ್ಲಿ ಓಡಿದರು. ಉಳಿದವರು ತಾವಿದ್ದಲ್ಲೇ ಅಷ್ಟು ದೂರ ಕ್ರಮಿಸಿದರು. ಇಂಥ ಸಂದರ್ಭಕ್ಕೂ ಮನೆಗಳಿವೆ. ಹೊಸ ದಿನ ಗೊತ್ತಿದ್ದರೆ ‘ಈವೆಂಟ್ ರೀಶೆಡ್ಯೂಲ್ಡ್’, ಗೊತ್ತಿಲ್ಲದಿದ್ದರೆ ‘ಈವೆಂಟ್ ಪೋಸ್ಟ್‌ಪೋನ್ಡ್’. ಸ್ಥಳದಲ್ಲೋ, ದೂರದಿಂದಲೋ, ಎರಡೂ ಬಗೆಯಲ್ಲೋ ಎಂದು ತಿಳಿಸುವ ಮನೆಯನ್ನು ಸೇರಿಸಿದ್ದು 2020ರ ಮಾರ್ಚ್‌ನಲ್ಲಿ.

ಇಷ್ಟೆಲ್ಲ ಮಾಡಿದರೂ ಗೂಗಲ್ ನಿಮ್ಮ ಕಾರ್ಯಕ್ರಮವನ್ನು ವಿಶೇಷವಾಗಿ ತೋರಿಸಿಯೇ ತೀರುತ್ತದೆಂಬ ಭರವಸೆಯಿಲ್ಲ. ಆದರೆ ಪುಟದಲ್ಲಿ ಒಂದು, ಯಂತ್ರಕ್ಕೆ ಇನ್ನೊಂದು ಹೇಳಿದರೆ ಆ ಅವಕಾಶವೂ ತಪ್ಪಬಹುದು. ಪುಟವನ್ನು ತಿದ್ದಿ ಒಳಗಿನ ದಿನಾಂಕವನ್ನು ಮರೆತರೆ, ದೂರದೂರಿನಿಂದ ಬಂದವರು ಬೀಗ ಹಾಕಿದ ಸಭಾಂಗಣದ ಮುಂದೆ ನಿಂತಾರು. ಅವರು ಮುಂದಿನ ವರ್ಷ ನಿಮ್ಮನ್ನು ನಂಬಿ ಹಣ ಕೊಡುವರೇ? ಆದ್ದರಿಂದ ಎರಡನ್ನೂ ಒಟ್ಟಿಗೇ ತಿದ್ದುವ ಹೊಣೆಯನ್ನು ನಿಮ್ಮಲ್ಲೊಬ್ಬರು ಮೊದಲೇ ವಹಿಸಿಕೊಳ್ಳಿ.