ಅಲೆ ಹತ್ತುವ ಮಕ್ಕಳು: ಕೋವಳಂ ಕಡಲು ಮತ್ತು ಆಟಿಸಂ

ಚೆನ್ನೈಗೆ ಬಂದು ನೆಲೆಸಿದ ನಮ್ಮಲ್ಲಿ ಹೆಚ್ಚಿನವರಿಗೆ ಕಡಲು ಎಂದರೆ ಮರೀನಾದ ಸುಂಡಲ್, ಬೆಸಂಟ್ ನಗರದ ಸಂಜೆಗಾಳಿ, ಊರಿನಿಂದ ನೆಂಟರು ಬಂದಾಗ ಮಹಾಬಲಿಪುರಕ್ಕೆ ಹೋಗುವ ದಾರಿ. ಅದೇ ಈಸ್ಟ್ ಕೋಸ್ಟ್ ರಸ್ತೆಯಲ್ಲಿ, ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೋವಳಂ ಸಿಗುತ್ತದೆ. ಕೇರಳದ್ದಲ್ಲ, ನಮ್ಮ ಪಕ್ಕದ ಕೋವಳಂ. ಮೀನುಗಾರರ ಈ ಹಳ್ಳಿಯ ಯುವಕರು ಈಗ ಸರ್ಫಿಂಗ್ ಗುರುಗಳು. ಇಲ್ಲಿ ಹಲವು ಸರ್ಫ್ ಶಾಲೆಗಳಿವೆ. 2021ರಲ್ಲಿ ಈ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು.

ಇಲ್ಲಿಗೆ ಹಲಗೆ ಹಿಡಿದು ಬರುವವರಲ್ಲಿ ಆಟಿಸಂ ಇರುವ ಮಕ್ಕಳೂ ಇದ್ದಾರೆ. ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರ 2005ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆ ಹತ್ತಿರದ ಮುಟ್ಟುಕಾಡಿನಲ್ಲೇ ಇದೆ. ಹಾಗಾಗಿ ತಪಾಸಣೆಗೆಂದು ಮಗುವನ್ನು ಕರೆದುಕೊಂಡು ಬರುವ ಎಷ್ಟೋ ತಂದೆತಾಯಿಯರಿಗೆ ಈ ರಸ್ತೆ ಚಿರಪರಿಚಿತ.

ಸರ್ಫಿಂಗ್‌ಗೂ ಆಟಿಸಂಗೂ ನಂಟು ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಇಸ್ರೇಲ್ ಪಾಸ್ಕೋವಿಟ್ಜ್ ಹೆಸರಾಂತ ಸರ್ಫರ್. ಅವರ ಮಗ ಐಸಾಯನಿಗೆ ಆಟಿಸಂ. ಎಲ್ಲೆಂದರಲ್ಲಿ ಕಂಗಾಲಾಗುತ್ತಿದ್ದ ಮಗು ಅಪ್ಪನ ಜೊತೆ ಹಲಗೆ ಏರಿ ಅಲೆಯ ಮೇಲೆ ಹೋದಾಗ ಶಾಂತವಾಗುತ್ತಿತ್ತು. ಅದನ್ನು ಕಂಡ ದಂಪತಿ 1996ರಲ್ಲಿ ‘ಸರ್ಫರ್ಸ್ ಹೀಲಿಂಗ್’ ಸಂಸ್ಥೆ ಆರಂಭಿಸಿ, ಇಂಥ ಮಕ್ಕಳಿಗೆ ಒಂದು ದಿನದ ಉಚಿತ ಶಿಬಿರಗಳನ್ನು ನಡೆಸತೊಡಗಿದರು.

ನೀರಿನಲ್ಲಿ ಆಗುವುದೇನು? ಆಟಿಸಂ ರೋಗವಲ್ಲ, ಮೆದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಹಲವು ಮಕ್ಕಳಲ್ಲಿ ಇಂದ್ರಿಯಗಳ ಅನುಭವವೇ ಬೇರೆ. ಒಂದು ಮಗು ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುತ್ತದೆ. ಇನ್ನೊಂದಕ್ಕೆ ಬಿಗಿಯಾಗಿ ಅಪ್ಪಿಕೊಂಡರೆ ಮಾತ್ರ ಸಮಾಧಾನ. ನೀರು ಮೈಯನ್ನು ಸುತ್ತಲಿನಿಂದ ಒಂದೇ ಸಮನೆ ಒತ್ತುತ್ತದೆ. ಅಲೆಗಳು ಒಂದು ಲಯದಲ್ಲಿ ಬರುತ್ತವೆ. ಹಲಗೆಯ ಮೇಲೆ ಮಲಗಿ, ಮಂಡಿಯೂರಿ, ಕೊನೆಗೆ ಎದ್ದು ನಿಲ್ಲುವಾಗ ಮೈಯೆಲ್ಲ ಸಮತೋಲನಕ್ಕೆ ದುಡಿಯುತ್ತದೆ. ಸರದಿ ಕಾಯುವುದು, ಗುರುವನ್ನು ನಂಬುವುದು, ಬಿದ್ದರೆ ಮತ್ತೆ ಹತ್ತುವುದು, ಇವೆಲ್ಲ ಪಾಠವೆನಿಸದೆ ಬರುತ್ತವೆ.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಥೆರಪಿಯಲ್ಲಿ ತಮಿಳು ಎಂದು ಮೂರು ಭಾಷೆಗಳ ನಡುವೆ ಮಗು ಬೆಳೆಯುತ್ತದೆ. ಮಾತು ತಡವಾದರೆ ಸಾಕು, ‘ಕನ್ನಡ ಬಿಟ್ಟುಬಿಡಿ’ ಎಂಬ ಸಲಹೆ ಬರುತ್ತದೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿನ ಮಾತಿಗೆ ಧಕ್ಕೆಯಾಗುತ್ತದೆ ಎನ್ನುವುದಕ್ಕೆ ಇದುವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಕಡಲಲ್ಲಂತೂ ಬೇಕಾಗುವುದು ನಾಲ್ಕೇ ಮಾತು: ಮಲಗು, ಹಿಡಿ, ಏಳು, ಬಿಡು. ಗುರು ತೋರಿಸಿದ್ದನ್ನು ಮಗು ಮಾಡುತ್ತದೆ. ಈ ನಾಲ್ಕನ್ನು ಕನ್ನಡದಲ್ಲೇ ಹೇಳಿಕೊಡುವಂತೆ ಕೇಳಿಕೊಂಡರೂ ಆದೀತು.

ಹಾಗೆಂದು ಸರ್ಫಿಂಗ್‌ನಿಂದ ಆಟಿಸಂ ‘ವಾಸಿಯಾಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಬಗ್ಗೆ ನಡೆದ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು, ಕೆಲವೇ ಮಕ್ಕಳನ್ನು ಕೆಲವೇ ವಾರ ಗಮನಿಸಿದವು. ಮಾತಿನ ತರಬೇತಿಗಾಗಲಿ, ಆಕ್ಯುಪೇಷನಲ್ ಥೆರಪಿಗಾಗಲಿ ಇದು ಬದಲಿಯಲ್ಲ. ಅವುಗಳ ಜೊತೆಗಿರುವ ಒಂದು ಸಂತೋಷ.

ಆದರೆ ನೀರಿನ ಪರಿಚಯ ಈ ಮಕ್ಕಳಿಗೆ ಬರೀ ಸಂತೋಷದ ಮಾತೂ ಅಲ್ಲ. ಆಟಿಸಂ ಇರುವ ಹಲವು ಮಕ್ಕಳಿಗೆ ನೀರೆಂದರೆ ಎಲ್ಲಿಲ್ಲದ ಸೆಳೆತ, ಅಪಾಯದ ಅರಿವು ಮಾತ್ರ ಕಡಿಮೆ. ಕಣ್ತಪ್ಪಿಸಿ ಮನೆಯಿಂದ ಹೊರಟ ಮಗು ಕೆರೆಯ ಕಡೆಗೋ ಕಡಲ ಕಡೆಗೋ ಹೋಗಿಬಿಡುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಿಸಂ ಇರುವ ಮಕ್ಕಳು ಮುಳುಗಿ ಸಾಯುವ ಅಪಾಯ ಇತರ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ಮಗುವಿಗೆ ಆಟಿಸಂ ಇದೆ ಎಂದು ತಿಳಿದ ಕೂಡಲೇ ಈಜು ಕಲಿಸಿ ಎಂದು ಆ ಸಂಶೋಧಕರೇ ಹೇಳಿದ್ದರು. ಮೊದಲು ಈಜು, ಆಮೇಲೆ ಅಲೆ.

ಕಲಿತರೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಆಟಿಸಂ ಇರುವ ಮುಂಬೈಯ ಜಿಯಾ ರಾಯ್ 2022ರ ಮಾರ್ಚ್‌ನಲ್ಲಿ, 13ನೇ ವಯಸ್ಸಿನಲ್ಲಿ, ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿ ಬಳಿಯ ಅರಿಚಲ್‌ಮುನೈವರೆಗೆ 29 ಕಿಲೋಮೀಟರ್ ದೂರವನ್ನು 13 ಗಂಟೆ 10 ನಿಮಿಷದಲ್ಲಿ ಈಜಿದಳು. ಎಲ್ಲ ಮಕ್ಕಳೂ ಪಾಕ್ ಜಲಸಂಧಿ ದಾಟಬೇಕಿಲ್ಲ. ಸೊಂಟದಷ್ಟು ನೀರಿನಲ್ಲಿ ಹಲಗೆಯ ಮೇಲೆ ಅರ್ಧ ನಿಮಿಷ ಕೂತರೂ ಅದು ಆ ಮಗುವಿನ ಮಟ್ಟಿಗೆ ದೊಡ್ಡ ಪ್ರಯಾಣ.

ಮಗುವನ್ನು ಕರೆದೊಯ್ಯಲು ಯೋಚಿಸುವವರು ಕೆಲವು ವಿಷಯ ಗಮನಿಸಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಹೆಚ್ಚು ಕಂಡುಬರುವುದರಿಂದ ಮೊದಲು ವೈದ್ಯರನ್ನು ಕೇಳಿ. ಒಂದು ಮಗುವಿಗೆ ಒಬ್ಬ ಗುರು ಇರಲೇಬೇಕು. ಲೈಫ್ ಜಾಕೆಟ್ ಮತ್ತು ಮೆತ್ತನೆಯ ಫೋಮ್ ಹಲಗೆ ಇವೆಯೇ ಎಂದು ನೋಡಿ. ಬಿಗಿ ಬಟ್ಟೆ ಸೇರದ ಮಕ್ಕಳಿಗೆ ಮನೆಯಲ್ಲೇ ತೊಡಿಸಿ ರೂಢಿ ಮಾಡಿಸಿ. ಮೊದಲ ದಿನ ಮರಳಿನಲ್ಲಿ ಆಡಿ ವಾಪಸಾದರೂ ಪರವಾಗಿಲ್ಲ. ಜನ ಕಡಿಮೆ ಇರುವ ಬೆಳಗಿನ ಹೊತ್ತು ಒಳ್ಳೆಯದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತ, ಚಂಡಮಾರುತಗಳ ಕಾಲ, ಆಗ ಬೇಡ. ರಜೆಗೆ ಊರಿಗೆ ಹೋಗುವ ಕರಾವಳಿಯವರಿಗೆ ಮೂಲ್ಕಿ ಹತ್ತಿರವಿದೆ. ದೇಶದ ಮೊದಲ ಸರ್ಫಿಂಗ್ ಕ್ಲಬ್ 2004ರಲ್ಲಿ ಶುರುವಾದದ್ದು ಅಲ್ಲೇ. ಎಲ್ಲಿಗೆ ಹೋದರೂ ಮಗುವಿನ ಸ್ವಭಾವವನ್ನು ಗುರುಗಳಿಗೆ ಮುಂಚೆಯೇ ಬಿಡಿಸಿ ಹೇಳಿ.

ಇನ್ನು ಮನೆಯಲ್ಲಿ ಇಂಥ ಮಗು ಇಲ್ಲದವರಿಗೂ ಒಂದು ಕೆಲಸವಿದೆ. 2022ರ ನವೆಂಬರ್‌ನಲ್ಲಿ ಮರೀನಾದಲ್ಲಿ ಗಾಲಿಕುರ್ಚಿಗಳು ನೀರಿನ ಹತ್ತಿರದವರೆಗೆ ಹೋಗಲು ಮರದ ದಾರಿ ಹಾಕಿದರು. ಎರಡೇ ವಾರದಲ್ಲಿ ಮಾಂಡೌಸ್ ಚಂಡಮಾರುತ ಅದರ ಒಂದು ಭಾಗವನ್ನು ಕಿತ್ತುಹಾಕಿತು. ಅದನ್ನು ಮತ್ತೆ ಸರಿಪಡಿಸಿದರು. ಆಟಿಸಂ ಇರುವ ಮಗುವಿಗೆ ಬೇಕಾದ ದಾರಿ ಇನ್ನೂ ಸುಲಭದ್ದು. ದಂಡೆಯಲ್ಲಿ ಮಗುವೊಂದು ಕೈ ಬಡಿಯುತ್ತಲೋ ಚೀರುತ್ತಲೋ ಇದ್ದರೆ ತಿರುಗಿ ತಿರುಗಿ ನೋಡಬೇಡಿ, ಬುದ್ಧಿ ಹೇಳಲು ಹೋಗಬೇಡಿ. ಆ ಅಮ್ಮ ಎಷ್ಟೋ ಧೈರ್ಯ ಮಾಡಿ ಮಗುವನ್ನು ಕಡಲಿಗೆ ಕರೆತಂದಿರುತ್ತಾಳೆ. ಅವಳಿಗೂ ಸ್ವಲ್ಪ ಗಾಳಿ ತೆಗೆದುಕೊಳ್ಳಲು ಬಿಡಿ.