ಹಿರಿಯರ ಕೋಣೆಗೊಂದು ಬೆಳಕಿನ ಗಡಿಯಾರ

ಮಹಾನಗರದ ಕಿರುಮನೆಗಳಲ್ಲಿ ಇರುಳು ಎಚ್ಚೆತ್ತ ವೃದ್ಧರು ಹೊತ್ತು ತಿಳಿಯಲು ಸ್ವಿಚ್ಚಿಗಾಗಿ ತಡಕಾಡಿ ಎಡವುವುದುಂಟು. ಮಂದವಾಗಿ ಬೆಳಗುವ ಗಡಿಯಾರವನ್ನು ಮನೆಯಲ್ಲಿಯೇ ರಚಿಸಬಹುದು. ಹಂಪೆಯ ಕಲ್ಲಿನ ರಥದ ಚಕ್ರವು ಅದಕ್ಕೆ ಒಪ್ಪುವ ಮಾದರಿ.

30 ಸೆಂಟಿಮೀಟರ್ ವ್ಯಾಸದ ದಪ್ಪ ರಟ್ಟಿನಲ್ಲಿ, 30 ಡಿಗ್ರಿಗೊಂದರಂತೆ 12 ದಳಗಳನ್ನು ಕತ್ತರಿಸಿ ತೆಗೆದು, ಹಿಂಬದಿಗೆ ಬಟರ್ ಪೇಪರ್ ಅಂಟಿಸತಕ್ಕದ್ದು. ನಡುವೆ ಕ್ವಾರ್ಟ್ಜ್ ಯಂತ್ರ. ಮುಳ್ಳುಗಳು ಕಪ್ಪಾಗಿದ್ದರೆ ಬೆಳಗುವ ದಳಗಳ ಮೇಲೆ ಎದ್ದು ಕಾಣುವುವು. ಹಿಂದೆ 5 ಸೆಂಟಿಮೀಟರ್ ಅಗಲದ ರಟ್ಟಿನ ಅಂಚು ಕಟ್ಟಿ, ಅದರ ಒಳಮೈಗೆ ಎಲ್‌ಇಡಿ ಸರವನ್ನು ಅಂಟಿಸಬೇಕು. ಬೆಳಕು ಹಳದಿಯದೇ ಆಗಿರಲಿ. ನೀಲಿ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಸ್ರಾವವನ್ನು ಹೆಚ್ಚು ತಗ್ಗಿಸುತ್ತದೆ.

ಗಡಿಯಾರದ 1.5 ವೋಲ್ಟಿನ ಸೆಲ್ಲೂ ದೀಪದ ಸೆಲ್ಲುಗಳೂ ಬೇರೆಯಾಗಿರುವುದು ಲೇಸು. ಬ್ಯಾಂಕಿನ ಭಾಷೆಯಲ್ಲಿ, ಎರಡು ಪ್ರತ್ಯೇಕ ಖಾತೆಗಳು. ದೀಪದ ಖಾತೆ ಬರಿದಾದರೂ ಗಡಿಯಾರ ನಡೆಯುತ್ತದೆ. ಹಳೆಯ ತಂತಿಬಲ್ಬನ್ನು ಮಾತ್ರ ಒಳಗಿಡಕೂಡದು. ಅದರ ಕಾವಿಗೆ ರಟ್ಟು ಹೊತ್ತಿಕೊಳ್ಳಬಹುದು.