ಬಿಸಿ ತುಪ್ಪವಾದ ರಜಾ ಸದಸ್ಯತ್ವ: ಬಿಡುಗಡೆಯ ದಾರಿ ಯಾವುದು?

ನಗರದ ಮಧ್ಯಮ ವರ್ಗದ ಅನೇಕ ಮನೆಗಳ ಬೀರುವಿನಲ್ಲಿ ವಿಮಾ ಪಾಲಿಸಿ, ನಿವೇಶನದ ಪತ್ರ, ಬ್ಯಾಂಕ್ ಠೇವಣಿಯ ರಸೀದಿಗಳ ಜತೆಗೆ ನುಣುಪಾದ ಹೊದಿಕೆಯ ಕಡತವೊಂದು ಕಾಣಸಿಗುತ್ತದೆ. ಬೆಟ್ಟ, ಕಡಲತೀರ, ನಗುವ ಮಕ್ಕಳ ಚಿತ್ರಗಳಿರುವ ಆ ಕಡತದೊಳಗಿರುವುದು ಸಾಮಾನ್ಯವಾಗಿ 25 ವರ್ಷಗಳ ಒಂದು ಒಪ್ಪಂದ. ಮೊದಲ ಕೆಲವು ವರ್ಷ ಕುಟುಂಬದ ಹೆಮ್ಮೆಯ ವಸ್ತುವಾಗಿದ್ದ ಅದು, ಕ್ರಮೇಣ ವಾರ್ಷಿಕ ಶುಲ್ಕದ ನೋಟಿಸು ಬಂದಾಗ ಮಾತ್ರ ನೆನಪಾಗುವ ಹೊರೆಯಾಗುತ್ತದೆ. ಟೈಮ್‌ಶೇರ್ ಅಥವಾ ರಜಾ ಸದಸ್ಯತ್ವ ಎಂದು ಕರೆಯುವ ಈ ವ್ಯವಸ್ಥೆ ಎಷ್ಟೋ ಜನರ ಪಾಲಿಗೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವಾಗಿದೆ.

ಈ ಕಲ್ಪನೆ 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿ, ಮುಂದಿನ ದಶಕದಲ್ಲಿ ಅಮೆರಿಕದಲ್ಲಿ ಹರಡಿತು. ಭಾರತದಲ್ಲಿ ಸ್ಟರ್ಲಿಂಗ್ ಸಂಸ್ಥೆ 1986ರಲ್ಲಿಯೂ ಮಹೀಂದ್ರ ಹಾಲಿಡೇಸ್ 1996ರಲ್ಲಿಯೂ ಆರಂಭವಾದವು. ಅಮೆರಿಕದಲ್ಲಿ ಅನೇಕರು ಕೊಂಡದ್ದು ನೋಂದಾಯಿತ ಸ್ವತ್ತಿನ ಒಂದು ಪಾಲನ್ನು. ಅದು ಆಜೀವ ಹೊಣೆ. ನಮ್ಮಲ್ಲಿ ಬಹುಪಾಲು ಒಪ್ಪಂದಗಳು ನೀಡುವುದು ನಿಗದಿತ ಅವಧಿಯವರೆಗೆ, ವರ್ಷಕ್ಕೆ ಏಳು ದಿನಗಳಂತೆ ಕೋಣೆ ಬಳಸುವ ಹಕ್ಕನ್ನು ಮಾತ್ರ. ಸದಸ್ಯನಿಗೆ ಮಡಿಕೇರಿಯ ಬೆಟ್ಟದಲ್ಲಿ ಒಂದು ಅಡಿ ನೆಲವೂ ಸೇರುವುದಿಲ್ಲ. ಇದು ಕೊರತೆಯಂತೆ ಕಂಡರೂ ಬಿಡುಗಡೆ ಬಯಸುವವರಿಗೆ ಅನುಕೂಲವೇ. ಕೈಬಿಡಬೇಕಾದದ್ದು ಆಸ್ತಿಯನ್ನಲ್ಲ, ಸೇವೆಯ ಒಪ್ಪಂದವೊಂದನ್ನು ಎಂಬುದು ಮೊದಲು ಮನಸ್ಸಿಗೆ ಬರಬೇಕು.

ಸದಸ್ಯತ್ವ ಬೇಡವಾಗಲು ಯಾರದೋ ಮೋಸವೇ ಕಾರಣವಾಗಬೇಕೆಂದಿಲ್ಲ. ನಲವತ್ತರ ವಯಸ್ಸಿನಲ್ಲಿ ಸಹಿ ಹಾಕಿದ ದಂಪತಿಗೆ ಅರವತ್ತರಲ್ಲಿ ಮೊಣಕಾಲು ನೋವು ಬರುತ್ತದೆ, ಮಕ್ಕಳು ಹೊರದೇಶಕ್ಕೆ ಹೋಗುತ್ತಾರೆ, ಸಂಬಳದ ಜಾಗದಲ್ಲಿ ಪಿಂಚಣಿ ಬರುತ್ತದೆ. 25 ವರ್ಷಗಳ ರಜೆಯನ್ನು ಒಂದೇ ಸಂಜೆ ನಿರ್ಧರಿಸಬಲ್ಲ ದೂರದೃಷ್ಟಿ ಯಾವ ಕುಟುಂಬಕ್ಕಿದೆ? ಉಡುಗೊರೆಯ ಕೂಪನ್ ಕೊಟ್ಟು ಹೋಟೆಲಿಗೆ ಕರೆಸಿ, ಎರಡು ಗಂಟೆ ವಿವರಿಸಿ, ‘ಈ ದರ ಇಂದು ಮಾತ್ರ’ ಎನ್ನುವ ಮಾರಾಟದ ಪದ್ಧತಿ ಇರುವುದೇ ಆ ಪ್ರಶ್ನೆಯನ್ನು ಕೇಳಲು ಸಮಯ ಸಿಗದಿರಲೆಂದು.

ಬಿಡುಗಡೆಯ ಮಾರ್ಗಗಳನ್ನು ತೂಗುವ ಮುನ್ನ ಅರ್ಥಶಾಸ್ತ್ರದ ಒಂದು ಸರಳ ಪಾಠವನ್ನು ನೆನೆಯುವುದು ಒಳಿತು. ಈಗಾಗಲೇ ಖರ್ಚಾಗಿ ಮರಳಿ ಬಾರದ ಹಣ ಮುಂದಿನ ನಿರ್ಧಾರವನ್ನು ಪ್ರಭಾವಿಸಬಾರದು. ‘ಮೂರು ಲಕ್ಷ ಕೊಟ್ಟಿದ್ದೇವೆ, ಹೇಗೆ ಬಿಡುವುದು?’ ಎಂಬ ಪ್ರಶ್ನೆ ಸಹಜವಾದರೂ ತಪ್ಪು ಪ್ರಶ್ನೆ. ಇನ್ನು ಮುಂದೆ ಎಷ್ಟು ಕೊಡಬೇಕು, ಅದಕ್ಕೆ ಪ್ರತಿಯಾಗಿ ಎಷ್ಟು ಸಿಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ವಾರ್ಷಿಕ ಶುಲ್ಕ 18,000 ರೂಪಾಯಿ; ಶೇ 18ರ ಜಿಎಸ್‌ಟಿ ಸೇರಿದರೆ 21,240 ರೂಪಾಯಿ. ಒಪ್ಪಂದದಲ್ಲಿ 11 ವರ್ಷ ಉಳಿದಿದೆ. ಶುಲ್ಕ ಏರದಿದ್ದರೆ ಇನ್ನೂ ಕೊಡಬೇಕಾದದ್ದು 2,33,640 ರೂಪಾಯಿ. ವರ್ಷಕ್ಕೆ ಶೇ 6ರಂತೆ ಏರಿದರೆ ಸುಮಾರು 3.18 ಲಕ್ಷ. ಅದೇ ಮಟ್ಟದ ಕೋಣೆ ಹೊರಗೆ ದಿನಕ್ಕೆ 4,500 ರೂಪಾಯಿಗೆ ಸಿಗುವುದಾದರೆ, ವರ್ಷಕ್ಕೆ ಕನಿಷ್ಠ ಐದು ರಾತ್ರಿ ತಂಗಿದರೆ ಮಾತ್ರ ಶುಲ್ಕ ಕಟ್ಟುವುದು ಲಾಭಕರ. ಮೂರು ರಾತ್ರಿ ತಂಗುವವರಿಗೆ 13,500 ರೂಪಾಯಿಯ ಸೇವೆಗೆ 21,240 ಕೊಟ್ಟಂತಾಯಿತು. ಓದುಗರು ತಮ್ಮ ಕಡತದ ಅಂಕಿಗಳನ್ನಿಟ್ಟು ಇದೇ ಲೆಕ್ಕ ಮಾಡಿದರೆ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ.

ಲೆಕ್ಕ ಕೆಲವೊಮ್ಮೆ ಸದಸ್ಯತ್ವದ ಪರವಾಗಿಯೂ ಬರಬಹುದು. ಹಲವು ಸಂಸ್ಥೆಗಳು ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂಬ ಬಣ್ಣಗಳ ಋತುಗಳಾಗಿ ವಿಂಗಡಿಸುತ್ತವೆ. ಕಡಿಮೆ ಬೆಲೆಯ ಬಣ್ಣ ಕೊಂಡವರಿಗೆ ಮಕ್ಕಳ ಬೇಸಿಗೆ ರಜೆಯಲ್ಲಿ ಕೋಣೆ ಸಿಗದೆ ಸದಸ್ಯತ್ವ ನಿಷ್ಪ್ರಯೋಜಕವೆನಿಸಿರಬಹುದು. ಶಾಲೆಯ ಹಂಗು ತೀರಿದ ನಿವೃತ್ತರಿಗೆ ಅದೇ ಜನಸಂದಣಿಯಿಲ್ಲದ ಋತು ಅನುಕೂಲವಾದೀತು. ಉಳಿದ ಅವಧಿ ಎರಡು ಮೂರು ವರ್ಷವಷ್ಟೇ ಆಗಿದ್ದರೆ ಬಳಸಿ ಮುಗಿಸುವುದು, ಅಥವಾ ಒಪ್ಪಂದ ಅನುಮತಿಸಿದರೆ ಮಗಳು-ಅಳಿಯನಿಗೆ ಬಿಟ್ಟುಕೊಡುವುದು ಜಾಣತನ.

ಬೇಡವೆಂದೇ ನಿರ್ಧರಿಸಿದವರಿಗೆ ತೋರುವ ಮೊದಲ ದಾರಿ ಮಾರಾಟ. ಒಪ್ಪಂದದಲ್ಲಿ ವರ್ಗಾವಣೆಗೆ ಅವಕಾಶವಿದ್ದರೆ ಬಾಕಿ ತೀರಿಸಿ, ವರ್ಗಾವಣೆ ಶುಲ್ಕ ಕಟ್ಟಿ ಬೇರೊಬ್ಬರ ಹೆಸರಿಗೆ ಬರೆಸಬಹುದು. ಆದರೆ ಒಳ್ಳೆಯ ಬೆಲೆಯ ಆಸೆ ಇಟ್ಟುಕೊಳ್ಳುವಂತಿಲ್ಲ. ಹೊಸ ಸದಸ್ಯತ್ವದ ಬೆಲೆಯಲ್ಲಿ ಜಾಹೀರಾತು, ಉಡುಗೊರೆ, ಮಾರಾಟಗಾರರ ಕಮಿಷನ್ ಎಲ್ಲವೂ ಸೇರಿರುತ್ತವೆ. ಹಳೆಯದನ್ನು ಕೊಳ್ಳುವವನು ಅವುಗಳಿಗೆ ಬೆಲೆ ಕೊಡುವುದಿಲ್ಲ. ಮೇಲಾಗಿ ಅವನು ಕೊಳ್ಳುತ್ತಿರುವುದು ಪ್ರತಿ ವರ್ಷ ಕರಗುತ್ತಿರುವ ವಸ್ತುವನ್ನು. ಕೈಗೆ ಬಂದ ಹಣ ಕೊಟ್ಟದ್ದರ ಸಣ್ಣ ಪಾಲಾದರೂ ವಾರ್ಷಿಕ ಶುಲ್ಕದ ಹೊಣೆ ವರ್ಗವಾಯಿತಲ್ಲ ಎಂಬುದೇ ನಿಜವಾದ ಲಾಭ.

ವಂಚಕರು ಕಾಯುತ್ತಿರುವುದೂ ಇದೇ ದಾರಿಯಲ್ಲಿ. ‘ನಿಮ್ಮ ಸದಸ್ಯತ್ವಕ್ಕೆ ಐದು ಲಕ್ಷ ಕೊಡುವವರಿದ್ದಾರೆ, ನಿರಾಕ್ಷೇಪಣಾ ಪತ್ರಕ್ಕೆ ಅಥವಾ ತೆರಿಗೆಗೆ ಮೊದಲು ಮೂವತ್ತು ಸಾವಿರ ಕಳುಹಿಸಿ’ ಎಂಬ ದೂರವಾಣಿ ಕರೆ ಬಂದರೆ ಅದನ್ನು ಅಲ್ಲಿಗೇ ಮುಗಿಸಬೇಕು. ಗೊತ್ತಿಲ್ಲದ ಕೊಳ್ಳುಗನ ಹೆಸರಿನಲ್ಲಿ ಮಾರುವವನಿಂದಲೇ ಮುಂಗಡ ಕೇಳುವ ವ್ಯವಹಾರವನ್ನು ನಂಬಲು ಕಾರಣವೇ ಇಲ್ಲ. ಯುರೋಪಿಯನ್ ಒಕ್ಕೂಟವು 2008ರ ನಿರ್ದೇಶನದಲ್ಲಿ ಮರುಮಾರಾಟದ ಮಧ್ಯವರ್ತಿಗಳು ಮಾರಾಟ ನಡೆಯುವ ಮೊದಲೇ ಹಣ ಪಡೆಯುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಹಣ ಕಳುಹಿಸಿ ಮೋಸಹೋದವರು ತಡಮಾಡದೆ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ದೂರು ನೀಡಬೇಕು.

ಎರಡನೆಯದು, ಸದಸ್ಯತ್ವವನ್ನು ಸಂಸ್ಥೆಗೇ ಒಪ್ಪಿಸುವುದು. ಸಹಿ ಹಾಕಿ ಕೆಲವೇ ದಿನಗಳಾಗಿದ್ದರೆ ಒಪ್ಪಂದದಲ್ಲಿ ರದ್ದತಿಯ ಗಡುವು ಇದೆಯೇ ಎಂದು ನೋಡಿ, ಅದರೊಳಗೆ ನೋಂದಾಯಿತ ಅಂಚೆ ಹಾಗೂ ಇ-ಮೇಲ್ ಮೂಲಕ ಪತ್ರ ಬರೆಯಬೇಕು. ಫೋನಿನ ಮಾತು ಸಾಲದು. ಗಡುವು ದಾಟಿದ್ದರೆ ಕಡಿತದ ಲೆಕ್ಕ ಆರಂಭವಾಗುತ್ತದೆ. ಬಳಸಿದ ವರ್ಷಗಳ ಮೊತ್ತ, ಶುಲ್ಕದ ಬಾಕಿ, ‘ಮರಳಿಸಲಾಗದ ಪ್ರವೇಶ ಶುಲ್ಕ’ ಎಂದೆಲ್ಲ ಕಳೆದು ಉಳಿದದ್ದು ಬರುತ್ತದೆ. ಕೆಲವೊಮ್ಮೆ ಏನೂ ಬರುವುದಿಲ್ಲ. ಹಾಗಿದ್ದರೂ ‘ಮುಂದಿನ ಯಾವ ಬಾಕಿಯೂ ಇಲ್ಲ’ ಎಂಬ ಲಿಖಿತ ಪತ್ರ ಸಿಗುವುದಾದರೆ ಅದಕ್ಕೆ ಬೆಲೆಯಿದೆ. ಮೇಲಿನ ಉದಾಹರಣೆಯ ಸದಸ್ಯನಿಗೆ ಆ ಒಂದು ಕಾಗದ ಎರಡು ಲಕ್ಷಕ್ಕೂ ಮಿಗಿಲಾದ ಹೊಣೆಯನ್ನು ತಪ್ಪಿಸುತ್ತದೆ.

ಮೂರನೆಯದು ಬಹಳ ಜನ ಸದ್ದಿಲ್ಲದೆ ಹಿಡಿಯುವ ದಾರಿ: ಶುಲ್ಕ ಕಟ್ಟುವುದನ್ನೇ ನಿಲ್ಲಿಸುವುದು. ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಸದಸ್ಯತ್ವಕ್ಕಾಗಿ ಬ್ಯಾಂಕಿನಿಂದ ಅಥವಾ ಹಣಕಾಸು ಸಂಸ್ಥೆಯಿಂದ ಸಾಲ ಪಡೆದಿದ್ದರೆ ಅದರ ಕಂತು ಬೇರೆ, ರೆಸಾರ್ಟ್ ಸಂಸ್ಥೆಯ ವಾರ್ಷಿಕ ಶುಲ್ಕ ಬೇರೆ. ಕಂತು ತಪ್ಪಿಸಿದರೆ ಸಾಲದ ದಾಖಲೆ ಕೆಟ್ಟು, ನಾಳೆ ಗೃಹಸಾಲಕ್ಕೂ ತೊಡಕಾದೀತು. ವಾರ್ಷಿಕ ಶುಲ್ಕ ಕಟ್ಟದಿದ್ದರೆ ಸಾಮಾನ್ಯವಾಗಿ ಕೋಣೆ ಕಾಯ್ದಿರಿಸುವ ಹಕ್ಕು ತಡೆಹಿಡಿಯಲ್ಪಡುತ್ತದೆ, ಬಾಕಿಗೆ ಬಡ್ಡಿ ಸೇರುತ್ತದೆ, ಕೊನೆಗೆ ಸದಸ್ಯತ್ವ ರದ್ದಾಗಬಹುದು. ಇಂಥ ಬಾಕಿ ವಸೂಲಿಯ ದಾವೆಗೆ 1963ರ ಕಾಲಮಿತಿ ಕಾಯ್ದೆಯಂತೆ ಮೂರು ವರ್ಷದ ಮಿತಿಯಿದೆ. ಸದಸ್ಯರು ತೀರಿಕೊಂಡರೆ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ತೆರಬೇಕಾಗಿಲ್ಲ. ವಾರಸುದಾರರ ಹೊಣೆ ಮೃತರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಆದರೂ ಮೌನವಾಗಿ ಕೈಬಿಡುವುದು ಅತ್ಯಂತ ದುರ್ಬಲ ಮಾರ್ಗ. ಮೊದಲು ಲಿಖಿತವಾಗಿ ರದ್ದತಿ ಕೋರಿ, ಆನಂತರ ಕಟ್ಟುವುದನ್ನು ನಿಲ್ಲಿಸಿದವನ ಸ್ಥಿತಿ ಸುಸ್ತಿದಾರನಿಗಿಂತ ಬಲವಾಗಿರುತ್ತದೆ.

ಕಡೆಯದು ಗ್ರಾಹಕ ಆಯೋಗ. ಹೇಳಿದ ಸೌಲಭ್ಯ ಸಿಗದಿದ್ದರೆ, ಕೇಳಿದಾಗಲೆಲ್ಲ ‘ಕೋಣೆ ಖಾಲಿಯಿಲ್ಲ’ ಎಂಬ ಉತ್ತರವೇ ಬಂದಿದ್ದರೆ, ಮಾರುವಾಗ ಸುಳ್ಳು ಹೇಳಿದ್ದಕ್ಕೆ ದಾಖಲೆಯಿದ್ದರೆ ಇದು ಗಂಭೀರವಾಗಿ ಯೋಚಿಸಬೇಕಾದ ಮಾರ್ಗ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಸಂಸ್ಥೆಯ ಕೇಂದ್ರ ಕಚೇರಿ ಚೆನ್ನೈನಲ್ಲಿದೆಯೋ ಮುಂಬೈಯಲ್ಲಿದೆಯೋ ಎಂಬುದು ಅಡ್ಡಿಯಲ್ಲ. ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ದೂರಿನ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯವಲ್ಲ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತಿದೆ ಎಂಬ ಕಾರಣಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಅದಕ್ಕೂ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ ನೋಡಬಹುದು. ‘ರಜೆ ಬೇಡವಾಯಿತು’ ಎಂಬುದಷ್ಟೇ ವಾದವಾದರೆ ಆಯೋಗದಿಂದ ಹೆಚ್ಚು ನಿರೀಕ್ಷಿಸಲಾಗದು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಸಾಧಾರಣ ರಜಾ ಸದಸ್ಯತ್ವವನ್ನೂ ರಜೆಯ ವೇಷದ ಠೇವಣಿ ಯೋಜನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ‘ತಂಗದಿದ್ದರೆ ಅವಧಿಯ ಕೊನೆಗೆ ಹೆಚ್ಚಿನ ಹಣ ಮರಳುತ್ತದೆ’ ಎಂಬ ಭರವಸೆಯಿದ್ದರೆ ಅದು ಹೂಡಿಕೆ. ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣದಲ್ಲಿ ಇಂಥ ಯೋಜನೆ ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆಯೆಂದು ನಿರ್ಣಯಿಸಿದ ಸೆಬಿ, 2016ರಲ್ಲಿ 7,000 ಕೋಟಿ ರೂಪಾಯಿಗೂ ಮಿಕ್ಕ ಮೊತ್ತವನ್ನು ಹೂಡಿಕೆದಾರರಿಗೆ ಮರಳಿಸಲು ಆದೇಶಿಸಿತು. ಅಂಥ ಯೋಜನೆಗೆ ಸೇರಿದವರ ಮಾರ್ಗವೇ ಬೇರೆ. ಅವರು ಸೆಬಿಯ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು.

ಒಟ್ಟಾರೆ ತೂಗಿ ನೋಡಿದರೆ ಕ್ರಮ ಹೀಗಿರಬೇಕು: ಮೊದಲು ಉಳಿದ ವರ್ಷಗಳ ಲೆಕ್ಕ, ಆಮೇಲೆ ಲಿಖಿತ ರದ್ದತಿ ಕೋರಿಕೆ ಮತ್ತು ಕಡಿತಗಳ ವಿವರದ ಬೇಡಿಕೆ, ಪರಿಚಿತರಲ್ಲಿ ಬೇಕಾದವರಿದ್ದರೆ ವರ್ಗಾವಣೆ, ಸಂಸ್ಥೆ ಜಗ್ಗದಿದ್ದರೆ ಸಹಾಯವಾಣಿ, ಕೊನೆಗೆ ಆಯೋಗ. ಯಾವ ಹಂತದಲ್ಲೂ ಮುಂಗಡ ಕೇಳುವ ಮಧ್ಯವರ್ತಿಗೆ ಜಾಗವಿಲ್ಲ. ಹಳೆಯ ಸದಸ್ಯತ್ವದಿಂದ ಬೇಸತ್ತವರಿಗೆ ‘ಮೇಲ್ದರ್ಜೆಗೇರಿಸಿ, ಎಲ್ಲ ಸರಿಹೋಗುತ್ತದೆ’ ಎಂದು ಮತ್ತಷ್ಟು ಹಣ ಕೇಳುವ ಪ್ರತಿನಿಧಿಗೂ ಇದೇ ಉತ್ತರ.

ಆದರೆ ಪ್ರತಿಯೊಬ್ಬ ಸದಸ್ಯನೂ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲಿ ಎಂದು ಸರ್ಕಾರ ಸುಮ್ಮನಿರುವುದು ಸರಿಯೇ? ಯುರೋಪಿನಲ್ಲಿ ಟೈಮ್‌ಶೇರ್ ಕೊಂಡವನಿಗೆ 14 ದಿನಗಳೊಳಗೆ ಕಾರಣ ಹೇಳದೆ ಹಿಂದೆಗೆಯುವ ಹಕ್ಕನ್ನು ಕಾನೂನೇ ಕೊಟ್ಟಿದೆ. ನಮ್ಮಲ್ಲಿ ಟೈಮ್‌ಶೇರಿಗೆ ಅಂಥ ಪ್ರತ್ಯೇಕ ಕಾನೂನಿಲ್ಲ. ಇರುವುದು ಒಪ್ಪಂದದ ಔದಾರ್ಯ. ನಷ್ಟಕ್ಕೆ ಹೊಂದದ ದಂಡ ವಿಧಿಸುವ ಷರತ್ತನ್ನು 2019ರ ಕಾಯ್ದೆ ‘ಅನ್ಯಾಯದ ಒಪ್ಪಂದ’ ಎಂದು ಗುರುತಿಸಿದೆಯಾದರೂ, ಅದನ್ನು ಪ್ರಶ್ನಿಸಲು ರಾಜ್ಯ ಆಯೋಗಕ್ಕೇ ಹೋಗಬೇಕು.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್-ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ದೀರ್ಘಾವಧಿ ಸೇವೆಗೆ ಮೊದಲೇ ಪಡೆದ ಶುಲ್ಕವನ್ನು ಒಂದೇ ವರ್ಷದ ಆದಾಯವೆಂದು ತೋರಿಸುವಂತಿಲ್ಲ. ಸೇವೆ ನೀಡುವ ಅವಧಿಗೆ ಹಂಚಬೇಕು. ಷೇರುದಾರರ ಲೆಕ್ಕಪತ್ರದಲ್ಲಿ ‘ಇನ್ನೂ ಗಳಿಸಿಲ್ಲ’ ಎಂದು ಇಡುವ ಹಣವನ್ನು ಸದಸ್ಯ ಕೇಳಿದಾಗ ‘ಆಗಲೇ ನಮ್ಮದಾಗಿದೆ’ ಎನ್ನುವುದು ಯಾವ ನ್ಯಾಯ? ಉಳಿದ ವರ್ಷಗಳ ಪಾಲನ್ನು ಸಮಂಜಸ ಕಡಿತದೊಂದಿಗೆ ಮರಳಿಸಬೇಕೆಂಬ ನಿಯಮ, 14 ದಿನಗಳ ಶಾಸನಬದ್ಧ ಗಡುವು, ಮರುಮಾರಾಟದ ಮುಂಗಡಕ್ಕೆ ನಿಷೇಧ: ಈ ಮೂರನ್ನು ತರಲು ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ಒಳಗೆ ಬರಲು ಒಂದು ಸಂಜೆ ಸಾಕಾಗುವ ಒಪ್ಪಂದದಿಂದ ಹೊರಹೋಗಲು ಕಾಲು ಶತಮಾನ ಕಾಯಬೇಕಾದ ಸ್ಥಿತಿ ಬದಲಾಗದಿದ್ದರೆ, ಸುಖಾಸುಮ್ಮನೆ ಕರಗುವುದು ನಿವೃತ್ತರ ಪಿಂಚಣಿ.